ಕಲ್ಲು ಕುಟ್ಟಿದ ಒರಳು

ಮೆತ್ತಗಿನ ಹೆಂಗಸರಿಗೆ ಸಿಟ್ಟು ಬರುವುದಿಲ್ಲ ಎಂಬುದು ಅವರ ಗಂಡಂದಿರು ಹಬ್ಬಿಸಿದ ಸುಳ್ಳು. ನನಗಂತೂ ಬರುತ್ತದೆ. ಕಾನ್ವೆಂಟಿನಲ್ಲಿ ಕಲಿತವಳಾದ್ದರಿಂದ ‘ದಯವಿಟ್ಟು’ ಸೇರಿಸಿಕೊಂಡು ಬರುತ್ತದೆ. ಹಾಗಾಗಿ ಅದು ಸಿಟ್ಟು ಎಂದು ಯಾರಿಗೂ ತಿಳಿಯುವುದಿಲ್ಲ.

ನಮ್ಮವರು ಶಿರಸಿಯಲ್ಲಿ ಭೂವಿಜ್ಞಾನದ ಮೇಷ್ಟ್ರು. ಕೂದಲು ನೆರೆತ ಮೇಲೆ ಪಿಎಚ್‌ಡಿ ಹುಚ್ಚು ಹಿಡಿಯಿತು. ಯಲ್ಲಾಪುರದ ಕಡೆ ಒಂದು ಹಳ್ಳದಲ್ಲಿ ಭೂಮಿ ಸೀಳಿದ ಗೆರೆಯಿದೆಯಂತೆ. ಅದರ ಆಚೆ ಈಚೆ ಇರುವುದು ಹಳೆಯ ಕಡಲತಳದ ಕೆಸರು, ಭೂಖಂಡದ ಅಂಚಿಗೆ ಅಂಟಿಕೊಂಡು ಕಲ್ಲಾದದ್ದು. ಎರಡರ ವಯಸ್ಸೂ ಬೇರೆ ಎಂದು ಸಾಬೀತಾದರೆ ಇವರು ಡಾಕ್ಟರು, ಇಲ್ಲದಿದ್ದರೆ ಬರೀ ಮೇಷ್ಟ್ರು. ವಯಸ್ಸು ಅಳೆಯಲು ಕಲ್ಲನ್ನು ಪುಡಿ ಮಾಡಿ, ಅದರೊಳಗಿನ ಸಣ್ಣ ಹರಳುಗಳನ್ನು ಪ್ರಯೋಗಾಲಯಕ್ಕೆ ಕಳಿಸಬೇಕು.

ಪುಡಿ ಮಾಡಿದ್ದೆಲ್ಲಿ ಎಂದು ತಿಳಿದದ್ದು ಊಟಕ್ಕೆ ಕೂತಾಗ. ಚಟ್ನಿ ಕರಕರ ಎಂದಿತು.

“ತಂಗೀ, ಕಾಯಿ ಜೊತಿಗೆ ಕರಟವನ್ನೂ ಬೀಸಿದ್ಯನೇ?” ಎಂದರು ಅತ್ತೆ.

“ಕಲ್ಲು ಕುಟ್ಟಿದ ಮೇಲೆ ಆನು ಒರಳನ್ನ ಎರಡು ಸಲ ತೊಳದಿದ್ದಿ ಮಾರಾಯ್ತಿ!” ಎಂದರು ಇವರು, ಯಾರೂ ಕೇಳುವ ಮೊದಲೇ.

ಕಾನಸೂರಿನ ತವರಿನಿಂದ ಅಮ್ಮ ಕೊಟ್ಟುಕಳಿಸಿದ ಒರಳು! ನಾನು ಚಟ್ನಿ ಬಟ್ಟಲನ್ನು ಅವರ ಮುಂದಕ್ಕೆ ನೂಕಿ, “ದಯವಿಟ್ಟು ಇನ್ನು ಅದನ್ನ ಮುಟ್ಟಡಿ” ಎಂದೆ.

“ಎಷ್ಟು ಚೊಲೋ ಮಾತಾಡ್ತು ನೋಡು!” ಎಂದು ಅತ್ತೆ ಮೆಚ್ಚಿದರು.

ಕೆಲವು ತಿಂಗಳ ಮೇಲೆ ಫಲಿತಾಂಶ ಬಂತು. ಗೆರೆಯ ಎರಡೂ ಬದಿಯ ಪುಡಿಯಲ್ಲಿ ಹೆಚ್ಚಿನವು ಒಂದೇ ವಯಸ್ಸಿನ ಹರಳುಗಳು. “ನಿನ್ನ ಒರಳಿಂದ ಎಲ್ಲಾ ಹಾಳಾತು!” ಎಂದು ಇವರು ನನ್ನ ಮೇಲೇ ಹಾರಿದರು. ಕಲ್ಲಿನಲ್ಲಿ ಕಲ್ಲು ಕುಟ್ಟಿದರೆ ಒರಳೂ ಸವೆದು ಬೆರೆಯುತ್ತದೆಂದು ಚಟ್ನಿ ಬೀಸುವ ನನಗೆ ಗೊತ್ತು, ಭೂವಿಜ್ಞಾನಿಗೆ ಕುಟ್ಟುವ ಮೊದಲು ಹೊಳೆದಿರಲಿಲ್ಲ. ಕೊನೆಗೆ ಪ್ರಯೋಗಾಲಯದವರು ಒರಳಿನದೇ ಒಂದು ಚೂರು ಕೇಳಿದರು. ಇವರ ಕೈಗೆ ಸುತ್ತಿಗೆ ಕೊಡಲು ಧೈರ್ಯವಾಗದೆ, ಹಲ್ಲು ಕಚ್ಚಿಕೊಂಡು ನಾನೇ ಅದರ ಅಡಿಯಿಂದ ಒಂದು ಚಕ್ಕೆ ಎಬ್ಬಿಸಿಕೊಟ್ಟೆ. ಎರಡೂ ಬದಿಯಲ್ಲಿ ಸಿಕ್ಕ ಆ ಒಂದೇ ವಯಸ್ಸಿನ ಹರಳುಗಳು ಒರಳಿನವೇ ಆಗಿದ್ದವು. ಅವನ್ನು ಕಳೆದರೆ ಎರಡು ಬದಿಯ ವಯಸ್ಸೂ ಬೇರೆ ಬೇರೆ. ಡಾಕ್ಟರು ಬದುಕಿಕೊಂಡರು.

“ನಿಂದು ಕಾನ್ವೆಂಟ್ ಇಂಗ್ಲಿಷು ಅಲ್ದನೇ, ಒಂಚೂರು ನೋಡಿಕೊಡು” ಎಂದು ಪ್ರಬಂಧದ ಕರಡನ್ನು ನನ್ನ ಮುಂದಿಟ್ಟರು. ಅಲ್ಪವಿರಾಮ ಹಾಕುತ್ತ ಹೋದವಳು ಮಾದರಿಗಳ ಪಟ್ಟಿಯ ಕೊನೆಯ ಸಾಲಿನಲ್ಲಿ ನಿಂತೆ: ‘ಸಂಶೋಧಕರ ಒರಳು’. ಸಂಶೋಧಕರದಂತೆ! ಕಾಗದ ಹರಿಯುವಷ್ಟು ಒತ್ತಿ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ. ಮೇಲೆ ದುಂಡಗೆ, ‘ಸಂಶೋಧಕರ ಪತ್ನಿಯ ಒರಳು’ ಎಂದು ಬರೆದೆ. ಇವರು ಹೆದರಿ ಹಾಗೆಯೇ ಅಚ್ಚು ಹಾಕಿಸಿದರು.

ಮನೆಗೆ ಬಂದವರಿಗೆಲ್ಲ ಚಹಾಕ್ಕಿಂತ ಮೊದಲು ಆ ಪುಟ ತೋರಿಸಿದೆ. ಒಂದು ದಿನ ಅತ್ತೆ ಕನ್ನಡಕ ಏರಿಸಿ, “ಇದ್ರಲ್ಲಿ ನಿನ್ನ ಹೆಸರೆಲ್ಲಿದ್ದು, ತಂಗೀ?” ಎಂದರು. ಬೆರಳಿಟ್ಟು ಹುಡುಕಿದೆ. ಸಿಟ್ಟು ನನ್ನದೇ, ಪೆನ್ನೂ ನನ್ನ ಕೈಯಲ್ಲೇ ಇತ್ತು. ಹೆಸರು ಬರೆಯಲು ಯಾರೂ ಅಡ್ಡ ಬಂದಿರಲಿಲ್ಲ; ‘ಪತ್ನಿ’ ಎಂದು ಬರೆದವಳು ನಾನೇ.