ಸೋದರಮಾವನಿಗೆ ಎರಡನೇ ಕರೆ

ಅನುಮಾನಕ್ಕೂ ತಿಗಣೆಗೂ ಹೆಚ್ಚು ವ್ಯತ್ಯಾಸವಿಲ್ಲ. ನಾವೇ ಹೊತ್ತುಕೊಂಡು ಹೋಗಿ ಇನ್ನೊಬ್ಬರ ಮನೆಯಲ್ಲಿ ಬಿಡುತ್ತೇವೆ, ಆಮೇಲೆ ಅವರ ಹಾಸಿಗೆಯೇ ಸರಿಯಿಲ್ಲ ಎನ್ನುತ್ತೇವೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನನ್ನು ಕಂಡು ಜನ ನಗುತ್ತಾರೆ. ನಾನಂತೂ ಬರೀ ಕುಂಬಳಕಾಯಿ ಎಂದರೂ ಮುಟ್ಟಿ ನೋಡಿಕೊಳ್ಳುವವನು.

ತಂಗಿ ಸಾವಿತ್ರಿಯ ಮದುವೆ ತೀರ್ಥಹಳ್ಳಿಯ ಹುಡುಗನೊಂದಿಗೆ ನಿಶ್ಚಯವಾಗಿತ್ತು. ಅಪ್ಪ ಇಲ್ಲದ್ದರಿಂದ ಕರೆಯುವ ಕೆಲಸ ನನ್ನದು. ಎಷ್ಟು ಚೆಂದದ ಲಗ್ನಪತ್ರಿಕೆ ಅಚ್ಚು ಹಾಕಿಸಿದರೂ, ಮನೆಗೆ ಹೋಗಿ ಅಕ್ಷತೆ ಕೊಟ್ಟು "ಬರಬೇಕು" ಎಂದು ಬಾಯಿಬಿಟ್ಟು ಹೇಳದಿದ್ದರೆ ನಮ್ಮಲ್ಲಿ ಅದು ಕರೆದಂತಲ್ಲ. ಅದರಲ್ಲೂ ಹೆಣ್ಣನ್ನು ಮಂಟಪಕ್ಕೆ ಕರೆತರಬೇಕಾದ ಸೋದರಮಾವನ ವಿಷಯ ಕೇಳುವುದೇ ಬೇಡ. ಹೊಸನಗರಕ್ಕೆ ಹೋಗಿ ಮಾವನ ಮನೆಯಲ್ಲಿ ಉಂಡು, ಎಲೆಯಡಿಕೆಯ ಕವಳ ಹಾಕಿ, ಕಾರ್ಗಲ್ಲಿನ ಅಣೆಕಟ್ಟಿನ ಕರೆಂಟು ನಮ್ಮೂರಿಗೆ ಬರುತ್ತದೋ ಬೆಂಗಳೂರಿಗೇ ಹೋಗುತ್ತದೋ ಎಂದು ವಾದ ಮಾಡಿ ಸಾಗರಕ್ಕೆ ಮರಳಿದೆ. ಬಸ್ಸಿಳಿಯುತ್ತಿದ್ದವನು ಮೆಟ್ಟಿಲ ಮೇಲೇ ನಿಂತುಬಿಟ್ಟೆ. ಅಷ್ಟೆಲ್ಲ ಮಾತಾಡಿದೆನಲ್ಲ, "ಬರಬೇಕು" ಎಂದೆನೋ ಇಲ್ಲವೋ?

"ಅಕ್ಷತೆ ಕೊಟ್ಟಿದ್ದು ನೆನಪಿದೆ ಅಂತೀರಲ್ಲ, ಸುಮ್ನಿರಿ ಮತ್ತೆ," ಎಂದಳು ಹೆಂಡತಿ. ಸುಮ್ಮನಿರಲು ಬಂದಿದ್ದರೆ ನಾನೇಕೆ ಹೀಗಿರುತ್ತಿದ್ದೆ? ಮರುದಿನ ಮತ್ತೆ ಹೊಸನಗರ.

ಮಾವ ಕಣ್ಣು ಕಿರಿದು ಮಾಡಿದರು. "ಎಂತದೋ ಮಾರಾಯ, ನಿನ್ನೆ ತಾನೆ ಕರೆದು ಹೋದವ! ಎರಡೆರಡು ಸಲ ಯಾರು ಕರೀತಾರೆ? ಹುಡುಗನ ಕಡೆ ಎಂತಾದ್ರೂ ಎಡವಟ್ಟು ಇದ್ಯಾ?"

"ಏನಿಲ್ಲ ಮಾವ, ಏನಿಲ್ಲ," ಎಂದೆ. ಎರಡು ಸಲ ಏನಿಲ್ಲ ಎಂದದ್ದೇ ಅವರಿಗೆ ಸಾಕಾಯಿತು.

ಮಾವ ಬಸ್ಸು ಹತ್ತಿ ತೀರ್ಥಹಳ್ಳಿಗೆ ಹೋಗಿ, ಹುಡುಗನ ನೆರೆಹೊರೆಯಲ್ಲೆಲ್ಲ ವಿಚಾರಿಸಿದರು. ನಿಶ್ಚಯವಾದ ಮೇಲೆ ವಿಚಾರಣೆಯೇ? ಹೆಣ್ಣಿಗೇ ಏನೋ ಐಬಿರಬೇಕು, ಅದಕ್ಕೇ ನೆಪ ಹುಡುಕುತ್ತಿದ್ದಾರೆ ಎಂದು ಹುಡುಗನ ಅಪ್ಪ ಮದುವೆಯನ್ನೇ ಬಿಡುವ ಮಾತಾಡಿದರಂತೆ. ಇಲ್ಲಿ ಚಪ್ಪರದ ಕಂಬ ನೆಟ್ಟಾಗಿತ್ತು. ಸಾವಿತ್ರಿ ಊಟ ಬಿಟ್ಟು ಅಳುತ್ತಿದ್ದಳು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು ನನಗೆ. ಬಿಟ್ಟರೂ ಅದರಲ್ಲಿ ನಾನು ಹಿಡಿಸುತ್ತೇನೋ ಇಲ್ಲವೋ ಎಂದೂ ಅನ್ನಿಸಿತು.

ಕೊನೆಗೆ ಹುಡುಗನ ಅಪ್ಪ ನೇರವಾಗಿ ನಮ್ಮ ಮನೆಗೇ ಬಂದರು, ಮಾವನೂ ಬಂದರು. ಜೋರು ಜೋರು ಮಾತಾಯಿತು. ಇದೆಲ್ಲ ಎಲ್ಲಿಂದ ಶುರುವಾಯಿತೆಂದು ಹಿಂದೆ ಹಿಂದೆ ಹೋಗಿ ಇಬ್ಬರೂ ನನ್ನೆದುರು ನಿಂತರು. ನಡೆದದ್ದನ್ನೆಲ್ಲ ಹೇಳಿದೆ. ಹುಡುಗನ ಅಪ್ಪ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮಾವನನ್ನು ಕೇಳಿದರು: "ಈ ಕಾಯಿಲೆ ಹುಡುಗಿಗೂ ಇದೆಯಾ?"

"ಛೆ ಛೆ! ಮನೇಲಿ ಇವನೊಬ್ಬನಿಗೇ ಮಾರಾಯ್ರೆ."

"ಖಂಡಿತಾ?"

ಎಲ್ಲರೂ ನನ್ನತ್ತ ತಿರುಗಿದರು. ಬಾಗಿಲ ಸಂದಿಯಲ್ಲಿ ಸಾವಿತ್ರಿಯ ಅತ್ತು ಊದಿದ ಮುಖ ಕಂಡಿತು. ಹುಟ್ಟಿದ ಮೇಲೆ ಮೊದಲ ಬಾರಿಗೆ ಒಂದು ಮಾತನ್ನು ಅನುಮಾನವಿಲ್ಲದೆ ಹೇಳಿದೆ:

"ನನಗೊಬ್ಬನಿಗೇ."