ಕಡಲೆ ವ್ಯಾಪಾರಿಯ ನಾಲ್ಕು ವಾರ

ಇಪ್ಪತ್ತು ವರ್ಷದಿಂದ ಹುಬ್ಬಳ್ಳಿಯಲ್ಲಿ ಮೂತ್ರರೋಗಗಳ ದವಾಖಾನೆ ನಡೆಸುತ್ತಿದ್ದೇನೆ. ರೋಗಗಳು ಪುಸ್ತಕದಲ್ಲಿ ಬರೆದಂತೆಯೇ ಬರುತ್ತವೆ, ರೋಗಿಗಳು ಮಾತ್ರ ಹಾಗೆ ಬರುವುದಿಲ್ಲ. ಉದಾಹರಣೆಗೆ ಹೋದ ಬೇಸಿಗೆಯಲ್ಲಿ ಬಂದ ಕಡಲೆ ವ್ಯಾಪಾರಿಯೊಬ್ಬರೇ ಸಾಕು, ಉಳಿದವರನ್ನು ಬಿಡಿ.

ಬೀಗರ ಗುಳಿಗೆ

ಏಪ್ರಿಲ್ ಬಿಸಿಲಲ್ಲಿ ಸ್ವೆಟರ್ ಹಾಕಿಕೊಂಡು ಗಡಗಡ ನಡುಗುತ್ತ ಬಂದರು. ಜೊತೆಗೆ ಹೆಂಡತಿ.

"ಏನಾಗೇತ್ರಿ?"

"ಜ್ವರ ರೀ."

"ಬರೇ ಜ್ವರ ಅಲ್ರಿ ಸಾಹೇಬ್ರ," ಎಂದರು ಹೆಂಡತಿ. "ಒಂದಕ್ಕ ಹೋದ್ರ ಉರೀತೈತಿ, ಹನಿ ಹನಿ ಬರತೈತಿ. ಹೇಳಾಕ ನಾಚ್ಕೊಂತಾರ."

ಪರೀಕ್ಷಿಸಿದೆ. ಮೂತ್ರಚೀಲದ ಕೆಳಗಿನ ಪ್ರಾಸ್ಟೇಟ್ ಗ್ರಂಥಿಗೆ ಸೋಂಕು ತಗಲಿ ಊದಿಕೊಂಡಿತ್ತು. ಏನಾದರೂ ಔಷಧ ತಗೊಂಡಿರಾ ಎಂದೆ.

"ಬೀಗರ ಮನ್ಯಾಗ ಎರಡ ಆ್ಯಂಟಿಬಯೋಟಿಕ್ ಗುಳಿಗಿ ಉಳದಿದ್ವು. ನುಂಗೇನ್ರಿ."

"ಬೀಗರಿಗೆ ಏನಾಗಿತ್ತು?"

"ಹಲ್ಲ ನೋವು."

"ನಿಮಗೇನರ ಗುಣ ಬಂತೇನ್ರಿ?"

"ಹಲ್ಲ ಛಲೋ ಅದಾವ್ರಿ," ಎಂದರು.

ಟವೆಲ್ಲಿನ ಕೆಳಗೆ

ಮೊದಲು ಬಾಟಲಿಯಲ್ಲಿ ಮೂತ್ರ ಕೊಡಬೇಕು, ಆಮೇಲೆ ಗುಳಿಗೆ ಶುರು. ಯಾವ ಔಷಧಕ್ಕೆ ಕ್ರಿಮಿ ಸಾಯುತ್ತದೆಂದು ಮೂರು ದಿನದಲ್ಲಿ ರಿಪೋರ್ಟ್ ಹೇಳುತ್ತದೆ, ಬೇಕಾದರೆ ಬದಲಿಸೋಣ. ಜ್ವರ ಬಿಟ್ಟರೂ ನಾಲ್ಕು ವಾರ ನಿಲ್ಲಿಸುವಂತಿಲ್ಲ ಎಂದೆ.

ಅವರು ಹೆಗಲ ಮೇಲಿನ ಟವೆಲ್ಲನ್ನು ನನ್ನ ಕೈಮೇಲೆ ಹಾಕಿ, ಸಂತೆಯಲ್ಲಿ ಎತ್ತಿನ ಬೆಲೆ ಕುದುರಿಸುವವರಂತೆ ಅದರ ಕೆಳಗೆ ನನ್ನ ಎರಡು ಬೆರಳು ಒತ್ತಿದರು: ಎರಡೇ ವಾರ. ನಾನು ಅವರ ನಾಲ್ಕು ಒತ್ತಿದೆ. ಅವರು ಮೂರಕ್ಕೆ ಬಂದರು. ನಾನು ನಾಲ್ಕು ಬಿಡಲಿಲ್ಲ.

ಹೆಂಡತಿ ಇತ್ತ ತಿರುಗಿಯೂ ನೋಡಲಿಲ್ಲ. "ನಾಲ್ಕಂತ ಬರೀರಿ ಸಾಹೇಬ್ರ. ಮನ್ಯಾಗ ಗುಳಿಗಿ ಕೊಡಾಕಿ ನಾನು."

ಚೊಕ್ಕ ರಿಪೋರ್ಟು

ದವಾಖಾನೆಯಲ್ಲಿ ಹನಿಯೂ ಬರಲಿಲ್ಲ. ಬೈರಿದೇವರಕೊಪ್ಪದ ಅವರ ಮನೆಯಿಂದಲೇ ಬಾಟಲಿ ಲ್ಯಾಬಿಗೆ ಹೋಯಿತು.

ಮೂರನೆಯ ದಿನ ರಿಪೋರ್ಟ್ ಬಂತು. ಒಂದು ಕ್ರಿಮಿಯೂ ಇಲ್ಲ. ಎದುರಿಗೆ ಮನುಷ್ಯ ಇನ್ನೂ ಸ್ವೆಟರಿನಲ್ಲಿ ನಡುಗುತ್ತಿದ್ದಾರೆ. ನನಗೆ ನಿಜಕ್ಕೂ ಭಯವಾಯಿತು. ಔಷಧ ಹತ್ತುತ್ತಿಲ್ಲ, ತಡ ಮಾಡಿದರೆ ಒಳಗೆ ಕೀವು ಕಟ್ಟಬಹುದು, ಯಾವುದಕ್ಕೆ ಬದಲಿಸಬೇಕೆಂದು ಹೇಳುವ ರಿಪೋರ್ಟ್ ನೋಡಿದರೆ ಹೀಗೆ.

"ಇದು ನಿಮ್ಮದ ಹೌದಲ್ರಿ?" ಎಂದೆ.

ಅವರು ಸೂರು ನೋಡಿದರು. ಹೆಂಡತಿ ಅವರನ್ನು ನೋಡಿದರು.

"ಮಗಂದ್ರಿ," ಎಂದರು ವ್ಯಾಪಾರಿ ಕೊನೆಗೆ. "ದಿನಾ ಜಿಮ್ಮಿಗೆ ಹೋಗ್ತಾನ. ತಬ್ಯತ್ ಛಲೋ ಐತಿ."

"ಅವನದ್ಯಾಕ ಕೊಟ್ರಿ?"

"ಮೂವತ್ತ ವರ್ಷ ಆತ್ರಿ ಪ್ಯಾಟ್ಯಾಗ ಕುಂತು. ಸ್ಯಾಂಪಲ್ ಕೇಳಿದ್ರ ಯಾರರ ಹುಳಾ ಹಿಡದ ಕಡ್ಲಿ ತೋರಸ್ತಾರೇನ್ರಿ?"

ಅಂದೇ ಭರ್ತಿ ಮಾಡಿಕೊಂಡು, ನರ್ಸನ್ನು ಬಾಗಿಲಲ್ಲಿ ನಿಲ್ಲಿಸಿ, ಅವರದೇ ಮೂತ್ರ ತೆಗೆಸಿದೆ. ನಂತರ ಬೇರೆ ಇಂಜೆಕ್ಷನ್ ಶುರು ಮಾಡಿದೆ. ನಾನು ಕೊಟ್ಟಿದ್ದ ಗುಳಿಗೆಗೆ ಆ ಕ್ರಿಮಿ ಕ್ಯಾರೇ ಅಂದಿರಲಿಲ್ಲ ಎಂದು ಹೊಸ ರಿಪೋರ್ಟ್ ಹೇಳಿತು. ಹೊಸ ಔಷಧಕ್ಕೆ ಎರಡೇ ದಿನದಲ್ಲಿ ಸ್ವೆಟರ್ ಬಿಚ್ಚಿದರು.

ನಾಲ್ಕು ವಾರ ಹೆಂಡತಿಯ ಕಾವಲಿನಲ್ಲಿ ಮುಗಿದವು. ಮತ್ತೊಮ್ಮೆ ಪರೀಕ್ಷೆ ಮಾಡಿಸೋಣ ಎಂದೆ. ಈ ಸಲ ಅವರೇ ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಮೇಜಿನ ಮೇಲೆ ಇಟ್ಟರು.

"ಇದು ನಂದ ರೀ ಸಾಹೇಬ್ರ," ಎಂದರು. "ಈಗ ನಾಲ್ಕ ಮಂದಿಗೆ ತೋರಸೂ ಹಂಗ ಐತಿ."