ಮೂರು ಊರು, ಒಂದೇ ಪುಟ

ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರೂ ಊರುಗಳಲ್ಲಿ ನಮ್ಮ ಭಾಂಡೆ-ಪಾತ್ರೆ ಅಂಗಡಿಗಳಿವೆ. ವೆಬ್‌ಸೈಟಿನಲ್ಲಿ ಪ್ರತಿ ಶಾಖೆಗೂ ಬೇರೆ ಪುಟವಿದ್ದರೆ, ಮೊಬೈಲಿನಲ್ಲಿ ಹುಡುಕುವ ಗಿರಾಕಿಗೆ ಹತ್ತಿರದ ಅಂಗಡಿ ಸಿಗುತ್ತದೆ ಎಂದು ಎಲ್ಲೋ ಓದಿದೆ. ಓದಿದ್ದು ಅರ್ಧ, ಧೈರ್ಯ ಪೂರ್ತಿ.

ಮೊದಲು ಗೋಕಾಕದ ಪುಟ ಬರೆದೆ. ಒಂದು ಅಕ್ಷರ ತಪ್ಪಿದರೂ ಗಿರಾಕಿ ಕೈತಪ್ಪಿ ಹೋದಾನೆಂಬ ಚಿಂತೆಯಲ್ಲಿ ಎರಡು ದಿನ ಊಟ ರುಚಿಸಲಿಲ್ಲ. ಆಮೇಲೆ ಅದನ್ನೇ ಎರಡು ಸಲ ನಕಲು ಮಾಡಿ, ‘ಗೋಕಾಕ’ ಇದ್ದಲ್ಲೆಲ್ಲ ಒಂದರಲ್ಲಿ ಮೂಡಲಗಿ, ಇನ್ನೊಂದರಲ್ಲಿ ಹುಕ್ಕೇರಿ ಎಂದು ಬದಲಿಸಿದೆ. ಐದೇ ನಿಮಿಷ!

ಮರುದಿನ ಮೂಡಲಗಿಯಿಂದ ಒಬ್ಬರು ಫೋನ್ ಮಾಡಿದರು.

“ಮೂಡಲಗಿ ಫಾಲ್ಸ್ ನೋಡಿ ಬರುವಾಗ ಅಂಗಡಿಗೆ ಬರ್ರಿ ಅಂತ ಬರದೀರಲ್ಲರಿ. ನಲವತ್ತ ವರ್ಷದಿಂದ ಇಲ್ಲೇ ಅದೇನಿ. ಆ ಫಾಲ್ಸ್ ಎಲ್ಲಿ ಐತ್ರಿ?”

ಒಂದು ಜಲಪಾತ ತಾನೇ, ಸಂಜೆ ಅಳಿಸಿದರಾಯಿತು ಎಂದುಕೊಂಡೆ.

ಅಷ್ಟರಲ್ಲಿ ಹುಕ್ಕೇರಿ ಹತ್ತಿರದ ಬೆಲ್ಲದ ಬಾಗೇವಾಡಿಯ ಗಂಗವ್ವ ಗೋಕಾಕದ ಅಂಗಡಿಗೆ ಬಂದರು. ಮರುದಿನ ಅವರ ಮಗಳ ಮದುವೆ. ಮಗಳಿಗೆ ಕೊಡುವ ಭಾಂಡೆಗಳ ಮೇಲೆ ಹೆಸರು ಕೆತ್ತಲು ಹುಕ್ಕೇರಿ ಅಂಗಡಿಗೆ ಹೇಳಿದ್ದರು. ಒಯ್ಯಲು ಹೊರಟಾಗ ಅವರು ಹುಕ್ಕೇರಿಯ ಪುಟ ತೆರೆದರೆ ನಕಾಶೆ ಗೋಕಾಕದ್ದು!

“ಅಂಗಡೀನ ಎತ್ತಿ ಇಲ್ಲಿಗೆ ತಂದೀರಿ ಅನ್ಕೊಂಡ್ವಿರಿ. ಸಂಜಿಗೆ ಬೀಗರು ಬರ್ತಾರ. ಭಾಂಡೆ ಇಲ್ಲದ ಹೆಂಗ ಮುಖ ತೋರಸ್ಲಿರಿ?” ಎಂದರು. ಅವರ ಕಣ್ಣು ತುಂಬಿತ್ತು.

“ನೀವು ಚಾ ಕುಡೀರಿ ಅಕ್ಕಾರ, ನಾ ತರ್ತೇನಿ,” ಎಂದು ಬೈಕ್ ಹತ್ತಿದೆ. ಅಂಗಡಿಯ ಒಳಗಿದ್ದ ಹೆಂಡತಿ ಶೈಲಾಳಿಗೆ ಹೇಳಲಿಲ್ಲ. ಹೇಳಿದ್ದರೆ ಕಾರಣ ಕೇಳುತ್ತಿದ್ದಳು.

ಹುಕ್ಕೇರಿ ತಲುಪಿದರೆ ಅಂಗಡಿಗೆ ಬೀಗ! ಆಗಲೇ ಶೈಲಾಳ ಫೋನ್ ಬಂತು.

“ಗಂಗವ್ವಾರು ಎಲ್ಲಾ ಹೇಳಿದ್ರು. ನಾ ಫೋನ್ ಮಾಡಿದ ಕೂಡ್ಲೇ ನನ್ನ ತಮ್ಮ ಅಂಗಡಿ ಮುಚ್ಚಿ, ಭಾಂಡೆ ಇಲ್ಲಿಗೇ ತಂದ ಕೊಟ್ಟಾನ. ಗಂಗವ್ವಾರು ನಕ್ಕೋತ ಹೋದ್ರು. ನೀವ ಎಲ್ಲದೀರಿ?”

ಹುಕ್ಕೇರಿ ಅಂಗಡಿ ನೋಡಿಕೊಳ್ಳುವವನು ಅವಳ ತಮ್ಮನೇ. ದಾರಿಯಲ್ಲಿ ನಾವಿಬ್ಬರೂ ಎದುರುಬದುರಾಗಿ ಹಾದಿರಬೇಕು. ಚಿಂತೆಯಲ್ಲಿದ್ದ ನಾನು ನೋಡಲೇ ಇಲ್ಲ.

“ಹುಕ್ಕೇರ್ಯಾಗ.”

“ಅಲ್ಲಿ ಏನ ಮಾಡಾಕತ್ತೀರಿ?”

“ನಿಂತೇನಿ.”

ಫೋನ್ ಜೇಬಿಗಿಟ್ಟೆ. ಚೀಲ ಹಿಡಿದ ಹಿರಿಯರೊಬ್ಬರು ಬಂದು ಪಕ್ಕದಲ್ಲಿ ನಿಂತರು. ಬೀಗ ನೋಡಿದರು, ಮೊಬೈಲಿನಲ್ಲಿ ನಮ್ಮ ಪುಟ ನೋಡಿದರು, ನಂಬರ್ ಒತ್ತಿದರು. ನನ್ನ ಜೇಬು ಮೊಳಗಿತು! ಮೂರೂ ಪುಟಗಳಲ್ಲಿದ್ದುದು ನನ್ನದೇ ನಂಬರ್. ಜೇಬಿನೊಳಗೇ ಕೈ ಹಾಕಿ ಕಟ್ ಮಾಡಿದೆ.

“ಕಟ್ ಮಾಡಿದ ನೋಡ್ರಿ!” ಎಂದು ನನಗೇ ದೂರು ಕೊಟ್ಟರು. “ನೀವೂ ಭಾಂಡೆ ಒಯ್ಯಾಕ ಬಂದೀರೇನ್ರಿ?”

“ಹೌದ್ರಿ. ಗೋಕಾಕದಿಂದ ಬಂದೇನಿ.”

“ಪಾಪ! ಅಲ್ರಿ, ಈ ಪುಟ ಬರದಾಂವಗ ತಲಿ ಐತೇನ್ರಿ?”

“ನಮ್ಮ ಮನ್ಯಾಗೂ ಇದನ್ನೇ ಕೇಳ್ತಾರ್ರಿ,” ಎಂದೆ.